ಶಿಮ್ಲಾದ ಚಳಿಗಾಲಕ್ಕೆ ಬಿಸಿಲು ನೋಡಿ ರೂಮು ಹಿಡಿಯಿರಿ

ಶಿಮ್ಲಾ ಬೆಟ್ಟದ ಏಣಿನ ಮೇಲೆ ಕೂತ ಊರು. ಏಣಿನ ದಕ್ಷಿಣದ ಇಳಿಜಾರಿಗೆ ಮಾಲ್ ರೋಡು, ಅದರ ಕೆಳಗೆ ಲೋಯರ್ ಬಜಾರು. ಉತ್ತರದ ಕಡೆ ಲಕ್ಕಡ್ ಬಜಾರಿನ ಕೆಳಗಿನ ಇಳಿಜಾರು. ಡಿಸೆಂಬರ್ ಕೊನೆಯಲ್ಲಿ ನಡುಮಧ್ಯಾಹ್ನವೂ ಶಿಮ್ಲಾದಲ್ಲಿ ಸೂರ್ಯ ದಿಗಂತದಿಂದ 35 ಡಿಗ್ರಿಯಷ್ಟೇ ಮೇಲಿರುತ್ತಾನೆ. ಅದೇ ದಿನ ಬೆಂಗಳೂರಿನಲ್ಲಿ 53 ದಾಟಿರುತ್ತಾನೆ. ಹಾಗಾಗಿ ದಕ್ಷಿಣಕ್ಕೆ ಕಿಟಕಿಯಿರುವ ರೂಮಿನ ಒಳಗೋಡೆಯವರೆಗೂ ಬಿಸಿಲು ಚಾಚುತ್ತದೆ, ಉತ್ತರಕ್ಕೆ ಮುಖ ಮಾಡಿದ ರೂಮಿಗೆ ವಾರಗಟ್ಟಲೆ ಒಂದು ಕಿರಣವೂ ಬರುವುದಿಲ್ಲ. ಆರಾಮದ ರಜೆ ಅನ್ನುವುದರ ಮುಕ್ಕಾಲು ಭಾಗ ಇಲ್ಲೇ ತೀರ್ಮಾನವಾಗುತ್ತದೆ. ಹಿಮಶಿಖರಗಳು ಕಾಣುತ್ತವೆ ಎಂದು ಹೆಚ್ಚು ದುಡ್ಡಿಗೆ ಮಾರುವ ರೂಮುಗಳು ಬಹಳಷ್ಟು ಉತ್ತರಕ್ಕೇ ಇರುತ್ತವೆ. ಶಿಖರ ನೋಡಲು ಹತ್ತು ನಿಮಿಷ ನಡೆದು ಏಣಿನ ಮೇಲಿನ ಬಯಲು ಜಾಗ ರಿಡ್ಜ್‌ಗೆ ಹೋದರಾಯಿತು, ಬಿಸಿಲನ್ನು ಮಾತ್ರ ರೂಮಿಗೆ ಹೊತ್ತು ತರಲಾಗದು.

ಬುಕ್ ಮಾಡುವ ಮುಂಚೆ ನಾನು ಹೋಟೆಲಿಗೆ ನೇರವಾಗಿ ಫೋನ್ ಮಾಡಿ ಒಂದೇ ಒಂದು ಫೋಟೋ ಕೇಳುತ್ತೇನೆ: ಬೆಳಿಗ್ಗೆ ಹತ್ತು ಗಂಟೆಗೆ, ಪರದೆ ಸರಿಸಿ, ಅದೇ ರೂಮಿನ ಒಳಗಿಂದ ತೆಗೆದದ್ದು. ನೆಲದ ಮೇಲೆ ಬಿಸಿಲಿನ ಚೌಕ ಬಿದ್ದಿದ್ದರೆ ಮುಂದಿನ ಮಾತು. ಆಮೇಲಿನ ಪ್ರಶ್ನೆ, "ಗಾಡಿ ಕಹಾಂ ತಕ್ ಆಯೇಗಿ, ವಹಾಂ ಸೆ ಕಿತ್ನೀ ಸೀಢಿಯಾಂ?" (ಗಾಡಿ ಎಲ್ಲಿಯವರೆಗೆ ಬರುತ್ತದೆ, ಅಲ್ಲಿಂದ ಎಷ್ಟು ಮೆಟ್ಟಿಲು?) ಮಾಲ್ ರೋಡಿಗೂ ರಿಡ್ಜ್‌ಗೂ ಪ್ರವಾಸಿಗರ ವಾಹನ ಬಿಡುವುದಿಲ್ಲ. ಕಾರು ಕೆಳಗೆ ಕಾರ್ಟ್ ರೋಡಿನಲ್ಲೇ ನಿಲ್ಲುತ್ತದೆ. ಅಲ್ಲಿಂದ ಲಿಫ್ಟ್ ಇದೆ, ಆದರೆ ಲಿಫ್ಟ್ ಇಳಿದ ಮೇಲೂ ಹೋಟೆಲಿಗೆ ಎಂಬತ್ತು ಮೆಟ್ಟಿಲು ಇರಬಹುದು. "ಮಾಲ್‌ನಿಂದ ಎರಡೇ ನಿಮಿಷ" ಎಂದವರು ಆ ಎರಡು ನಿಮಿಷ ಏರೋ ಇಳಿತವೋ ಹೇಳಿರುವುದಿಲ್ಲ. ಮಂಡಿನೋವಿನ ಅಪ್ಪ ಅಮ್ಮ ಜೊತೆಗಿದ್ದರೆ ಮೆಟ್ಟಿಲಿನ ಲೆಕ್ಕ ಬಾಯಿಬಿಟ್ಟು ಹೇಳಿಸಿಕೊಳ್ಳಿ. ಸಾಮಾನು ಹೊರಲು ಕೂಲಿಯವರು ಸಿಗುತ್ತಾರೆ. ಚೌಕಾಸಿ ಏನಿದ್ದರೂ ಹೊರುವ ಮೊದಲೇ ಮುಗಿಸಿ.

ಹೀಟರ್ ಬಾಡಿಗೆಯಲ್ಲಿ ಸೇರಿದೆಯೋ ದಿನಕ್ಕೆ ಬೇರೆ ದುಡ್ಡೋ, ಅದು ಬ್ಲೋವರೋ ಎಣ್ಣೆ ತುಂಬಿದ ರೇಡಿಯೇಟರೋ, ಕೇಳಿ. ಬ್ಲೋವರ್ ಐದು ನಿಮಿಷಕ್ಕೆ ಬೆಚ್ಚಗಾಗಿಸುತ್ತದೆ, ಆರಿಸಿದ ಐದೇ ನಿಮಿಷಕ್ಕೆ ಮತ್ತೆ ಚಳಿ. ರಾತ್ರಿಯಿಡೀ ಓಡಿದರೆ ಗಂಟಲು ಒಣಗಿ ಮೂಗಿನಲ್ಲಿ ರಕ್ತ ಬರುವುದೂ ಉಂಟು. ಎಣ್ಣೆಯದು ಕಾಯಲು ಅರ್ಧ ಗಂಟೆ ಬೇಕು, ಆದರೆ ಕಾವು ಉಳಿಯುತ್ತದೆ. ಊಟಕ್ಕೆ ಹೊರಡುವಾಗಲೇ ಹಾಕಲು ಹೇಳಿ ಹೋಗಿ. ಗೀಸರ್ ಹದಿನೈದು ಲೀಟರಿನದಾದರೆ ಒಬ್ಬರ ಸ್ನಾನವಾದ ಮೇಲೆ ಇನ್ನೊಬ್ಬರು ಇಪ್ಪತ್ತು ನಿಮಿಷ ಕಾಯಬೇಕು. ಅಲ್ಲಿ ಸ್ನಾನದ ಹೊತ್ತು ಬೆಳಿಗ್ಗೆ ಆರಲ್ಲ, ಹನ್ನೊಂದು. ನಮ್ಮವರಿಗೆ ಇದನ್ನು ಒಪ್ಪಿಸುವುದೇ ದೊಡ್ಡ ಕೆಲಸ.

ಹಾಸಿಗೆ ಬಿಸಿ ಮಾಡಲು ರಬ್ಬರಿನ ಬಿಸಿನೀರಿನ ಚೀಲಕ್ಕಿಂತ ಒಳ್ಳೆಯದು ಯಾವುದೂ ಇಲ್ಲ. ಕುದಿನೀರು ಬೇಡ, ಕುದಿ ನಿಂತು ಐದು ನಿಮಿಷವಾದ ನೀರನ್ನು ಮುಕ್ಕಾಲಿಗಿಂತ ಕಡಿಮೆ ತುಂಬಿ, ಚೀಲವನ್ನು ನೆಟ್ಟಗೆ ಹಿಡಿದು ಒಳಗಿನ ಗಾಳಿ ಹೋಗುವಂತೆ ಒತ್ತಿ ಬಿರಡೆ ತಿರುಗಿಸಿ. ತಲೆಕೆಳಗು ಮಾಡಿ ನೋಡಿ. ಟವೆಲಿನಲ್ಲಿ ಸುತ್ತಿ, ಮಲಗುವ ಇಪ್ಪತ್ತು ನಿಮಿಷ ಮೊದಲು ಕಾಲಿನ ಕಡೆ ಇಟ್ಟರೆ ರಜಾಯಿ ಒಳಗೆ ಕಾಲು ಚಾಚಲು ಧೈರ್ಯ ಬರುತ್ತದೆ. ಇದ್ದಿಲಿನ ಅಂಗೀಠಿ (ಅಗ್ಗಿಷ್ಟಿಕೆ) ತಂದುಕೊಡುತ್ತೇವೆ ಎಂದರೆ ಬೇಡವೆನ್ನಿ. ಮುಚ್ಚಿದ ರೂಮಿನಲ್ಲಿ ಇದ್ದಿಲು ಕಾರ್ಬನ್ ಮೊನಾಕ್ಸೈಡ್ ಉಗುಳುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ನಿದ್ದೆಯಲ್ಲೇ ಜೀವ ಹೋಗುತ್ತದೆ. ಕಿಟಕಿಯಿಲ್ಲದ ಬಚ್ಚಲಿನ ಗ್ಯಾಸ್ ಗೀಸರಿಗೂ ಇದೇ ಮಾತು.

ಇನ್ನು ದಿನಾಂಕ. ಡಿಸೆಂಬರ್ 24ರಿಂದ ಜನವರಿ 2ರವರೆಗೆ ಹೋಗಬೇಡಿ. ಊರು ತುಂಬಿ, ಕಾರ್ಟ್ ರೋಡು ಗಂಟೆಗಟ್ಟಲೆ ಕಟ್ಟಿಕೊಳ್ಳುತ್ತದೆ. ಸಂಕ್ರಾಂತಿಯ ರಜೆಗೆ ಹೊಂದಿಸಿಕೊಂಡು ಜನವರಿ ಎರಡನೇ ವಾರ ಹೊರಟರೆ ಜನ ಕಡಿಮೆ, ಬಾಡಿಗೆಯೂ ಇಳಿದಿರುತ್ತದೆ, ಹಿಮ ಬೀಳುವ ಸಂಭವ ಡಿಸೆಂಬರಿಗಿಂತ ಹೆಚ್ಚು. ಹಿಮ ತರುವುದು ಪಶ್ಚಿಮದಿಂದ ಬರುವ ಮಾರುತಗಳ ಅಲೆ. ಹವಾಮಾನ ಇಲಾಖೆ 'ವೆಸ್ಟರ್ನ್ ಡಿಸ್ಟರ್ಬೆನ್ಸ್' ಎಂದು ಮೂರ್ನಾಲ್ಕು ದಿನ ಮೊದಲೇ ಹೇಳುತ್ತದೆ. ಹಿಮ ಬಿದ್ದರೆ ಕರೆಂಟು ಹೋಗಬಹುದು, ಪೈಪಿನ ನೀರು ಹೆಪ್ಪುಗಟ್ಟಬಹುದು. ಆ ಮುನ್ಸೂಚನೆ ಕಂಡ ಸಂಜೆಯೇ ಒಂದು ಬಕೆಟ್ ನೀರು ಹಿಡಿದಿಟ್ಟು ಪವರ್ ಬ್ಯಾಂಕ್ ತುಂಬಿಸಿಡುತ್ತೇನೆ.

ಹೋಗುವ ದಾರಿ ಕೆಡುವುದು ಬೆಟ್ಟದಲ್ಲಲ್ಲ, ಬಯಲಲ್ಲಿ. ಜನವರಿಯಲ್ಲಿ ದೆಹಲಿ, ಚಂಡೀಗಢದ ಬೆಳಗು ದಟ್ಟ ಮಂಜಿನದು. ಬೆಳಗಿನ ರೈಲು, ವಿಮಾನ ಎರಡೂ ತಡ. ಅದಕ್ಕೇ ಬೆಂಗಳೂರಿನಿಂದ ಚಂಡೀಗಢಕ್ಕೆ ಹನ್ನೊಂದರಿಂದ ಒಂದರ ನಡುವೆ ಇಳಿಯುವ ವಿಮಾನ ಆರಿಸಿಕೊಳ್ಳುತ್ತೇನೆ. ಅಲ್ಲಿಂದ ಟ್ಯಾಕ್ಸಿಯಲ್ಲಿ ಸುಮಾರು 115 ಕಿ.ಮೀ., ನಾಲ್ಕು ಗಂಟೆ. ಸೂರ್ಯ ಐದೂಮುಕ್ಕಾಲಿನೊಳಗೆ ಮುಳುಗುವುದರಿಂದ ಅಷ್ಟರಲ್ಲಿ ಸೇರಿಬಿಡಬೇಕು. ರೈಲೇ ಬೇಕೆನ್ನುವವರಿಗೆ ಯಶವಂತಪುರದಿಂದ ಚಂಡೀಗಢಕ್ಕೆ ಕರ್ನಾಟಕ ಸಂಪರ್ಕ ಕ್ರಾಂತಿ ಇದೆ. ಆದರೆ ಮಂಜಿನ ತಿಂಗಳಲ್ಲಿ ಅದೇ ದಿನ ಬೆಟ್ಟ ಹತ್ತುವ ಲೆಕ್ಕ ಹಾಕಬೇಡಿ.

ಆರು ರಾತ್ರಿ, ಒಂದೇ ರೂಮು. ಮನಾಲಿಯನ್ನೂ ಸೇರಿಸಿದರೆ ರಜೆಯಲ್ಲಿ ಎರಡು ದಿನ ಕಾರಿನಲ್ಲೇ ಕಳೆಯುತ್ತದೆ. ನನ್ನ ಲೆಕ್ಕ ದಿನಕ್ಕೆ ಒಂದೇ ಕೆಲಸ, ಅದೂ ಹತ್ತರಿಂದ ನಾಲ್ಕರೊಳಗೆ. ರಿಡ್ಜ್‌ನಿಂದ ಚೌಡಾ ಮೈದಾನದ ಮೂಲಕ ವೈಸ್‌ರೀಗಲ್ ಲಾಡ್ಜ್‌ಗೆ ಸುಮಾರು 4 ಕಿ.ಮೀ. ನಡಿಗೆ, ದೊಡ್ಡ ಏರಿಲ್ಲ. 1888ರಲ್ಲಿ ವೈಸ್‌ರಾಯ್ ವಾಸಕ್ಕೆ ಬಂದ ಆ ಕಟ್ಟಡದಲ್ಲಿ ಈಗ ಉನ್ನತ ಅಧ್ಯಯನ ಸಂಸ್ಥೆ ಇದೆ, ಸೋಮವಾರ ರಜೆ. ಜಾಖೂ ಬೆಟ್ಟಕ್ಕೆ ರೋಪ್‌ವೇ ಇದೆ. ಅಲ್ಲಿ ಕನ್ನಡಕ ತೆಗೆದು ಜೇಬಿಗಿಡಿ, ಕೋತಿಗಳು ಮೊದಲು ಕೈ ಹಾಕುವುದು ಅದಕ್ಕೇ. ಕುಫ್ರಿಯ ಕೆಸರು, ಕುದುರೆ, ಜನಸಂದಣಿಗಿಂತ ಮಶೋಬ್ರಾದ ದೇವದಾರು ಕಾಡು ನನಗೆ ಸಾವಿರ ಪಾಲು ಮೇಲು. ಎಲ್ಲಾದರೂ ಸಿಡ್ಡು ಸಿಕ್ಕರೆ ಬಿಡಬೇಡಿ: ಹುದುಗು ಬಂದ ಗೋಧಿ ಹಿಟ್ಟಿಗೆ ಅಕ್ರೋಟು, ಗಸಗಸೆಯ ಹೂರಣ ತುಂಬಿ ಹಬೆಯಲ್ಲಿ ಬೇಯಿಸಿದ್ದು, ನಮ್ಮ ಕಡುಬಿನ ದೂರದ ನೆಂಟ. ಮೇಲೆ ತುಪ್ಪ ಹಾಕಿಸಿಕೊಳ್ಳಿ.

ಉತ್ತರದ ನೆರಳಿಗೂ ಒಂದು ಉಪಯೋಗವಿದೆ. ಲಕ್ಕಡ್ ಬಜಾರಿನ ಕೆಳಗಿನ ಐಸ್ ಸ್ಕೇಟಿಂಗ್ ಅಂಕಣ 1920ರಿಂದ ಅಲ್ಲಿರುವುದೇ ಬಿಸಿಲು ಬೀಳದ ಕಾರಣಕ್ಕೆ. ಸಂಜೆ ಅಂಕಣಕ್ಕೆ ನೀರು ಹಾಯಿಸಿದರೆ ರಾತ್ರಿ ಅದು ತಾನಾಗಿ ಹೆಪ್ಪುಗಟ್ಟುತ್ತದೆ. ಆಕಾಶ ನಿಚ್ಚಳವಾಗಿದ್ದರೆ ಮಾತ್ರ. ಮೋಡವಿದ್ದರೆ ನೆಲದ ಕಾವು ಮೇಲೆ ಹೋಗದೆ ಮಂಜುಗಡ್ಡೆ ಗಟ್ಟಿಯಾಗುವುದಿಲ್ಲ, ಬೆಳಗಿನ ಆಟ ರದ್ದು. ಹಾಗಾಗಿ ರಾತ್ರಿ ನಕ್ಷತ್ರ ಕಂಡರೆ ಮಾತ್ರ ಅಲಾರಾಂ ಇಡಿ. ಸ್ಕೇಟು ಬಾಡಿಗೆಗೆ ಸಿಗುತ್ತದೆ, ದಪ್ಪ ಕಾಲುಚೀಲ ನಿಮ್ಮದೇ ಇರಲಿ. ಇದೇ ನೆರಳಿನ ರಸ್ತೆಗಳಲ್ಲಿ ಬೆಳಿಗ್ಗೆ ಕಣ್ಣಿಗೆ ಕಾಣದ ತೆಳು ಮಂಜುಗಡ್ಡೆ ಹಾಸಿರುತ್ತದೆ. ಬೂಟಿನ ಅಡಿ ಸವೆದಿದ್ದರೆ ಜಾರುವುದು ಖಾತ್ರಿ. ಕಿರುಹೆಜ್ಜೆ ಇಡಿ, ಕೈ ಜೇಬಿನಿಂದ ಹೊರಗಿರಲಿ.

ಬಟ್ಟೆಯಲ್ಲಿ ನಮ್ಮವರು ಮಾಡುವ ತಪ್ಪು ಥರ್ಮಲ್ ಒಳಗೆ ಹತ್ತಿ ಬನಿಯನ್ ಹಾಕುವುದು. ಏರು ಹತ್ತುವಾಗ ಬಂದ ಬೆವರನ್ನು ಹತ್ತಿ ಹಿಡಿದಿಟ್ಟುಕೊಂಡು, ನಿಂತ ಕೂಡಲೇ ಮೈ ಕೊರೆಯುತ್ತದೆ. ಥರ್ಮಲ್ ನೇರವಾಗಿ ಮೈಗೆ, ಮೇಲೆ ಉಣ್ಣೆ, ಅದರ ಮೇಲೆ ಗಾಳಿ ತಡೆಯುವ ಜಾಕೆಟ್. ಕೊಬ್ಬರಿ ಎಣ್ಣೆ ಬಾಟಲಿಯಲ್ಲೇ ಕಲ್ಲಾಗುತ್ತದೆ, ಅಗಲ ಬಾಯಿಯ ಡಬ್ಬಿಗೆ ಹಾಕಿಕೊಳ್ಳಿ. ಸುಮಾರು 2,200 ಮೀಟರ್ ಎತ್ತರದಲ್ಲಿ ನೀರು 93 ಡಿಗ್ರಿಗೇ ಕುದಿಯುವುದರಿಂದ ಕಾಫಿಗೆ ತೊಂದರೆಯಿಲ್ಲ, ಆದರೆ ತಣ್ಣನೆಯ ಸ್ಟೀಲ್ ಫಿಲ್ಟರಿಗೆ ಹಾಗೇ ಸುರಿದರೆ ಡಿಕಾಕ್ಷನ್ ತೆಳುವಾಗಿ ಇಳಿಯುತ್ತದೆ. ಮೊದಲು ಫಿಲ್ಟರನ್ನು ಬಿಸಿನೀರಿನಲ್ಲಿ ಅದ್ದಿ ತೆಗೆಯಿರಿ.

ಶಿಮ್ಲಾದಿಂದ ಬೆಟ್ಟದ ಬುಡದ ಕಾಲ್ಕಾಗೆ ಇಳಿಯುವ ಪುಟ್ಟ ರೈಲನ್ನು ವಾಪಸಿಗೆ ಇಟ್ಟುಕೊಳ್ಳಿ. 1903ರ ಆ ಹಾದಿಯಲ್ಲಿ ಕಾಲ್ಕಾವರೆಗಿನ 96 ಕಿ.ಮೀ.ಗೆ ಐದು ಗಂಟೆಯ ಮೇಲಾಗುತ್ತದೆ, ಕಿರಿದಾದ ಸೀಟಿನಲ್ಲಿ ಅದು ದೀರ್ಘ. ಅರ್ಧದಲ್ಲಿ ಇಳಿಯುವುದಾದರೆ ಬರೋಗ್‌ನಲ್ಲಿ ಮಾತ್ರ ಬೇಡ: ದಾರಿಯ ಅತಿ ಉದ್ದದ ಸುರಂಗ, 1,143 ಮೀಟರಿನ 33ನೇ ನಂಬರಿನದು, ಆ ನಿಲ್ದಾಣ ದಾಟಿದ ಕೂಡಲೇ ಶುರುವಾಗುತ್ತದೆ, ಅಲ್ಲೇ ಇಳಿದರೆ ಅದು ತಪ್ಪಿಹೋಗುತ್ತದೆ. ಧರಮ್‌ಪುರದವರೆಗೆ ಟಿಕೆಟ್ ಮಾಡಿಸಿ, ಹೆದ್ದಾರಿ ಪಕ್ಕದಲ್ಲೇ ಇದೆ. ಸಾಮಾನು ಹಾಕಿಕೊಂಡ ಟ್ಯಾಕ್ಸಿಯನ್ನು ಅಲ್ಲಿಗೆ ಬರಹೇಳಿ. ಆ ರಾತ್ರಿ ಚಂಡೀಗಢದಲ್ಲೇ ಉಳಿದು, ಮಾರನೇ ದಿನ ಮಂಜು ಕರಗಿದ ಮೇಲಿನ ವಿಮಾನ ಹಿಡಿಯಿರಿ.