ಅಮ್ಮಮ್ಮನ ಹಾಡಿನ ಕ್ಯಾಸೆಟ್

ಕುಮಟಾದ ನಮ್ಮ ಮನೆಯ ಅಟ್ಟದಲ್ಲಿ, ಬಿಸ್ಕೆಟ್ ಡಬ್ಬಿಯೊಳಗೆ ಒಂದು ಕ್ಯಾಸೆಟ್ ಸಿಕ್ಕಿತು. ಮೇಲೆ ಮಾವನ ಅಕ್ಷರ: ‘ಆಯಿ ಹಾಡು, 1992’. ಮಾವನ ಆಯಿ ಅಂದರೆ ನನ್ನ ಅಮ್ಮಮ್ಮ. ಅವರ ದನಿ ಉಳಿದಿರುವುದು ಇದೊಂದರಲ್ಲೇ.

ಕರಾವಳಿಯ ಮಳೆಗಾಲ ಗೊತ್ತಲ್ವಾ, ರೀಲಿನ ಅಂಚಿಗೆಲ್ಲ ಬಿಳಿ ಬೂಷ್ಟು. ಅದನ್ನು ಹಾಗೇ ಟೇಪ್ ರೆಕಾರ್ಡರಿಗೆ ಹಾಕಬಾರದು. ಬೂಷ್ಟು ರೀಲಿನಿಂದ ದನಿ ಓದುವ ಹೆಡ್ಡಿಗೆ ಹತ್ತುತ್ತದೆ, ಅಲ್ಲಿಂದ ಬೇರೆ ಕ್ಯಾಸೆಟ್ಟಿಗೂ ಹೋಗುತ್ತದೆ. ‘ಬಿಸಿಲಿಗಿಡು’ ಅಂದರು ನನ್ನ ಆಯಿ, ಅಂದರೆ ಅಮ್ಮ. ಬಿಸಿಗೆ ಪ್ಲಾಸ್ಟಿಕ್ ಸೊಟ್ಟಗಾಗುತ್ತದೆ, ಬೇಡ ಅಂದೆ. ಗಟ್ಟಿ ಮುಚ್ಚಳದ ಡಬ್ಬಿಯಲ್ಲಿ ತೇವ ಹೀರುವ ಸಿಲಿಕಾ ಜೆಲ್ ಪೊಟ್ಟಣಗಳ ಜೊತೆ ಒಂದು ವಾರ ಇಟ್ಟೆ. ಆಮೇಲೆ ಮಾಸ್ಕ್ ಹಾಕಿಕೊಂಡು, ಜಗಲಿಯಲ್ಲಿ ಕೂತು ಮೆತ್ತನೆ ಬ್ರಷ್‌ನಿಂದ ಉದುರಿಸಿದೆ.

ನಿಜವಾದ ತೊಂದರೆ ಬೇರೆಯೇ ಇತ್ತು. ರೀಲನ್ನು ಹೆಡ್ಡಿಗೆ ಒತ್ತಿ ಹಿಡಿಯುವ ಫೆಲ್ಟಿನ ಚೂರು ಇರುತ್ತದಲ್ಲ, ಪ್ರೆಶರ್ ಪ್ಯಾಡ್, ಅದರ ಅಂಟು ಒಣಗಿ ಬಿದ್ದುಹೋಗಿತ್ತು. ಅದಿಲ್ಲದಿದ್ದರೆ ದನಿ ಮಂಕಾಗುತ್ತದೆ, ಏರಿಳಿಯುತ್ತದೆ. ರೀಲೇ ಹೋಯಿತು ಅಂದುಕೊಂಡು ಎಸೆದುಬಿಡಬೇಡಿ. ಈ ಕ್ಯಾಸೆಟ್ಟಿಗೆ ಸ್ಕ್ರೂ ಇರಲಿಲ್ಲ, ಅಂಟಿಸಿದ್ದು. ಜೋಡಣೆಯ ಗೆರೆಗೆ ಬ್ಲೇಡ್ ಇಟ್ಟು ನಿಧಾನ ಬಿಡಿಸಿದೆ. ಪ್ಯಾಡ್ ಸರಿಯಿದ್ದ, ಐದು ಸ್ಕ್ರೂಗಳ ಇನ್ನೊಂದು ಕ್ಯಾಸೆಟ್ ಖಾಲಿ ಮಾಡಿ, ಎರಡೂ ಚಕ್ರಗಳನ್ನು ರೀಲಿನ ಸಮೇತ ಅದಕ್ಕೆ ದಾಟಿಸಿದೆ. ಫ್ಯಾನ್ ಆರಿಸಿಯೇ ಈ ಕೆಲಸಕ್ಕೆ ಕೂರಬೇಕು. 60 ನಿಮಿಷದ ಕ್ಯಾಸೆಟ್ಟಿನಲ್ಲಿ ಸುಮಾರು 90 ಮೀಟರ್ ರೀಲು ಇರುತ್ತದೆ, ಅಗಲ 4 ಮಿಲಿಮೀಟರೂ ಇಲ್ಲ. ಬಿಚ್ಚಿಕೊಂಡರೆ ಗತಿ? ಒಂದು ಕಡೆ ರೀಲು ತುಂಡಾಗಿತ್ತು. ಹಿಂಬದಿಗೆ ರೀಲು ಜೋಡಿಸುವ ಸ್ಪ್ಲೈಸಿಂಗ್ ಟೇಪ್ ಹಾಕಿದೆ. ಸೆಲ್ಲೋಟೇಪ್ ಬೇಡವೇ ಬೇಡ, ಅದರ ಅಂಟು ಪಕ್ಕದ ಸುತ್ತಿಗೂ ಹತ್ತುತ್ತದೆ.

ಹೆಡ್ಡನ್ನು ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ಒರೆಸಿ ಹಾಕಿದೆ. ದನಿ ಬಂತು, ಆದರೆ ಕಂಬಳಿಯೊಳಗಿಂದ ಬಂದ ಹಾಗೆ. ಮಾವ ರೆಕಾರ್ಡ್ ಮಾಡಿದ ಮೆಷಿನ್ ಬೇರೆ, ಅದರ ಹೆಡ್ಡಿನ ಓರೆಯೂ ಬೇರೆ. ಹೆಡ್ಡಿನ ಪಕ್ಕ ಸ್ಪ್ರಿಂಗ್ ಇರುವ ಸಣ್ಣ ಸ್ಕ್ರೂ ಇರುತ್ತದೆ. ಹಾಡುತ್ತಿರುವಾಗಲೇ ಅದನ್ನು ಕೂದಲೆಳೆಯಷ್ಟು ತಿರುಗಿಸುತ್ತಾ ಹೋದೆ. ಒಂದು ಕಡೆ ‘ಸ’ಕಾರ ಸ್ಪಷ್ಟವಾಯಿತು, ಬಳೆ ಸದ್ದೂ ಕೇಳಿತು. ಅಲ್ಲಿಗೇ ನಿಲ್ಲಿಸಿದೆ. ಆ ಬಳೆ ಸದ್ದು ಕೇಳಿ ಒಳಗಿದ್ದ ಆಯಿ ಹೊರಗೆ ಬಂದರು.

ಕಂಪ್ಯೂಟರಿನಲ್ಲಿ ದನಿ ರೆಕಾರ್ಡ್ ಮಾಡುವ ಅಡಾಸಿಟಿ ಸಾಫ್ಟ್‌ವೇರಿನಲ್ಲಿ ಇಡೀ ಬದಿಯನ್ನು ಒಂದೇ ಸಲಕ್ಕೆ ವೇವ್ ಫೈಲಾಗಿ ತುಂಬಿಕೊಂಡೆ. ಅರ್ಧ ಗಂಟೆಗೆ 300 ಎಂಬಿ ಚಿಲ್ಲರೆ ಆಯಿತು. ಅದನ್ನು ಮುಟ್ಟದೆ ಇಟ್ಟು, ನಕಲಿನಲ್ಲಷ್ಟೇ ಕ್ಯಾಸೆಟ್ಟಿನ ‘ಸ್ಸ್’ ಅನ್ನುವ ಹಿಸ್ ಸದ್ದು ತೆಗೆಯಲು ಹೊರಟೆ. ಮೊದಲ ಸಲ ಜಾಸ್ತಿ ತೆಗೆದುಬಿಟ್ಟೆ, ಹಿಂದೆ ಹಂಚಿನ ಮೇಲೆ ಬೀಳುತ್ತಿದ್ದ ಮಳೆಯೂ ಹೋಯಿತು. ‘ಮಳೆ ಎಲ್ಲಿ?’ ಅಂದರು ಆಯಿ. ಹಿಸ್ ತೆಗೆಯುವ ಪ್ರಮಾಣವನ್ನು ಆರು ಡೆಸಿಬಲ್‌ಗೆ ಇಳಿಸಿ ಮತ್ತೆ ಮಾಡಿದೆ. ಈಗ ಮಳೆ ಇದೆ, ಸ್ವಲ್ಪ ಹಿಸ್ಸೂ ಇದೆ.