ಬ್ಲೇಡ್ ನಿಂತುಹೋದ ಕೂಡಲೇ ಹೊಸ ಕ್ಲಚ್ ತರಬೇಡಿ

ಒಹಾಯೋದಲ್ಲಿ ನಮ್ಮ ಮನೆ ಹಿಂದೆ ಒಂದೂವರೆ ಎಕರೆ ಹುಲ್ಲಿದೆ. ಮೇ ತಿಂಗಳಲ್ಲಿ ಎರಡು ವಾರ ಬಿಟ್ಟರೆ ಸಾಕು, ಅಕ್ಕಪಕ್ಕದವರು ಬೇಲಿ ಮೇಲಿಂದ ನೋಡೋಕೆ ಶುರು ಮಾಡುತ್ತಾರೆ. ಕಳೆದ ವರ್ಷ ಸರಿಯಾಗಿ ಅದೇ ಹೊತ್ತಿಗೆ ನನ್ನ ರೈಡಿಂಗ್ ಮೋವರ್, ಅಂದರೆ ಮೇಲೆ ಕೂತು ಓಡಿಸುತ್ತಾ ಹುಲ್ಲು ಕತ್ತರಿಸುವ ಗಾಡಿ, ಹೊಸ ಆಟ ತೆಗೆಯಿತು. ಇಪ್ಪತ್ತು ನಿಮಿಷ ಚೆನ್ನಾಗಿ ಕತ್ತರಿಸಿ, ಆಮೇಲೆ ಬ್ಲೇಡ್ ತಾನಾಗಿ ನಿಂತುಬಿಡುತ್ತಿತ್ತು. ತಣ್ಣಗಾದ ಮೇಲೆ ಬ್ಲೇಡ್ ಆನ್ ಮಾಡುವ ಗುಂಡಿ ಎಳೆದರೆ ಮತ್ತೆ ತಿರುಗುತ್ತಿತ್ತು. ರಿಪೇರಿ ಅಂಗಡಿಯವರು ಗಾಡಿ ನೋಡದೆ ಫೋನಿನಲ್ಲೇ ಕ್ಲಚ್ ಹೋಗಿದೆ ಅಂದರು. ಹೋಗಿರಲಿಲ್ಲ.

ಎಂಜಿನ್ನಿನ ತಿರುಗಾಟವನ್ನು ಬೆಲ್ಟ್ ಮೂಲಕ ಬ್ಲೇಡಿಗೆ ಕೊಡುವ ಈ ಕ್ಲಚ್ ಎಂಜಿನ್ ಕೆಳಗೆ, ಕ್ರ್ಯಾಂಕ್ ಶಾಫ್ಟಿನ (ಎಂಜಿನ್ ತಿರುಗಿಸುವ ದಂಡದ) ತುದಿಯಲ್ಲಿ ಕೂತಿರುತ್ತದೆ. ಒಳಗೆ ತಂತಿ ಸುತ್ತಿದ ಕಾಯಿಲ್ ಇದೆ. ಗುಂಡಿ ಎಳೆದಾಗ 12 ವೋಲ್ಟ್ ಕರೆಂಟ್ ಹರಿದು ಅದು ಅಯಸ್ಕಾಂತವಾಗುತ್ತದೆ, ಒಂದು ಕಬ್ಬಿಣದ ತಟ್ಟೆಯನ್ನು ಎಂಜಿನ್ ಜೊತೆ ತಿರುಗುವ ರೋಟರಿಗೆ ಎಳೆದು ಅಂಟಿಸುತ್ತದೆ, ಆಗ ಬ್ಲೇಡೂ ತಿರುಗುತ್ತದೆ. ಎರಡರ ನಡುವೆ ಕೂದಲೆಳೆಯಷ್ಟು ಜಾಗ. ವರ್ಷಗಟ್ಟಲೆ ಉಜ್ಜಿ ಉಜ್ಜಿ ಆ ಜಾಗ ಅಗಲವಾಗುತ್ತದೆ. ಕಾಯಿಲ್ ಬಿಸಿಯಾದಾಗ ಅದರ ಎಳೆತ ಹೇಗೂ ಕಡಿಮೆಯಾಗುತ್ತದಲ್ವಾ, ಆಗ ಅಗಲವಾದ ಜಾಗ ದಾಟಿ ತಟ್ಟೆಯನ್ನು ಎಳೆಯೋಕೆ ಆಗುವುದಿಲ್ಲ. ನನ್ನ ಗಾಡಿಯ ಕಾಯಿಲೆ ಇದೇ ಆಗಿತ್ತು.

ಮೊದಲು ಕರೆಂಟ್ ನೋಡಿ. ಎಂಜಿನ್ ಸ್ಟಾರ್ಟ್ ಮಾಡದೆ ಚಾವಿ ಆನ್ ಮಾಡಿ, ಸೀಟಿನ ಮೇಲೆ ಕೂತು ಗುಂಡಿ ಎಳೆಯಿರಿ. ಹೆಚ್ಚಿನ ಗಾಡಿಗಳಲ್ಲಿ ಕೆಳಗಿನಿಂದ ಟಕ್ ಅಂತ ಸದ್ದು ಬರುತ್ತದೆ. ಬರದಿದ್ದರೆ ಫ್ಯೂಸ್, ಸೀಟಿನ ಕೆಳಗಿನ ಸ್ವಿಚ್, ಗುಂಡಿ, ತುಕ್ಕು ಹಿಡಿದ ಅರ್ಥ್ ವೈರ್ ಇವನ್ನು ಅನುಮಾನಿಸಿ. ಬ್ಯಾಟರಿಯಲ್ಲಿ 12 ವೋಲ್ಟ್ ಇದ್ದು ಕ್ಲಚ್ ಹತ್ತಿರ 10 ಮಾತ್ರ ಬರುತ್ತಿದ್ದರೆ ಹೊಸ ಕ್ಲಚ್ ಹಾಕಿದರೂ ಅದೇ ಗೋಳು.

ಇನ್ನು ಕೈ ಒಳಗೆ ಹಾಕುವ ಕೆಲಸ, ಹಾಗಾಗಿ ಚಾವಿ ತೆಗೆದು ಜೇಬಿಗೆ ಹಾಕಿ, ಸ್ಪಾರ್ಕ್ ಪ್ಲಗ್ ವೈರ್ ಮತ್ತು ಬ್ಯಾಟರಿಯ ಮೈನಸ್ ಎರಡನ್ನೂ ಬಿಚ್ಚಿ. ಕ್ಲಚ್‌ನ ಕನೆಕ್ಟರ್ ಕಳಚಿ ಮಲ್ಟಿಮೀಟರಿನಲ್ಲಿ ಕಾಯಿಲಿನ ಓಮ್ (ತಂತಿಯ ತಡೆ) ನೋಡಿ. ಸಾಮಾನ್ಯವಾಗಿ 2ರಿಂದ 4ರ ಒಳಗೆ ಇರುತ್ತದೆ. ಏನೂ ತೋರಿಸದಿದ್ದರೆ ಒಳಗೆ ತಂತಿ ಕಡಿದಿದೆ, ಅದಕ್ಕೆ ರಿಪೇರಿ ಇಲ್ಲ. ತಣ್ಣಗಿದ್ದಾಗ ಸರಿ ಬಂದರೆ ಬ್ಲೇಡ್ ನಿಂತ ಕೂಡಲೇ ಬಿಸಿಯಲ್ಲೇ ಇನ್ನೊಮ್ಮೆ ಅಳೆಯಿರಿ, ಕೈ ಸುಟ್ಟುಕೊಳ್ಳಬೇಡಿ.

ಕಾಯಿಲ್ ಸರಿ ಇದ್ದರೆ ಫೀಲರ್ ಗೇಜ್ (ಸಂದಿಯ ಅಗಲ ಅಳೆಯುವ ತೆಳು ಲೋಹದ ಪಟ್ಟಿಗಳು) ತೆಗೆದುಕೊಳ್ಳಿ. ಕ್ಲಚ್ ಸುತ್ತ ಮೂರು ಸೀಳು, ಸ್ಪ್ರಿಂಗ್ ಇರುವ ಮೂರು ನಟ್ ಕಾಣುತ್ತವೆ. ತಟ್ಟೆ ಮತ್ತು ರೋಟರ್ ನಡುವಿನ ಜಾಗ ಎಷ್ಟೋ ಮಾಡೆಲ್‌ಗಳಿಗೆ 0.012 ಇಂಚು ಆಸುಪಾಸು ಹೇಳಿರುತ್ತಾರೆ, ನಿಮ್ಮದಕ್ಕೆ ಮ್ಯಾನುಯಲ್ ನೋಡಿ. ನನ್ನದು 0.025 ದಾಟಿತ್ತು! ಗೇಜನ್ನು ಸೀಳಿಗೆ ತೂರಿಸಿ, ಎಳೆದಾಗ ಸ್ವಲ್ಪ ಹಿಡಿದಂತಾಗುವವರೆಗೆ ಪಕ್ಕದ ನಟ್ ಬಿಗಿ ಮಾಡಿ. ಮೂರೂ ಕಡೆ ಒಂದೇ ಅಳತೆ ಬರಬೇಕು, ಒಂದನ್ನು ಬಿಗಿ ಮಾಡಿದರೆ ಇನ್ನೊಂದು ಬದಲಾಗುತ್ತದೆ, ಅದಕ್ಕೇ ಎರಡು ಮೂರು ಸುತ್ತು ತಾಳ್ಮೆ ಬೇಕು. ನಟ್ ಇಲ್ಲದ ಕ್ಲಚ್‌ಗಳೂ ಇವೆ, ಕೆಲವದರಲ್ಲಿ ತೆಳು ಶಿಮ್ (ಲೋಹದ ತುಂಡು) ಹೊರಗೆಳೆದರೆ ಜಾಗ ಕಡಿಮೆಯಾಗುತ್ತದೆ.

ಬೇರಿಂಗ್ ಗರಗರ ಅನ್ನುತ್ತಿದ್ದರೆ, ತಟ್ಟೆ ನೀಲಿಗಟ್ಟಿ ಸುಟ್ಟಿದ್ದರೆ ಬದಲಾಯಿಸಲೇಬೇಕು. ಬ್ಲೇಡ್ ಇರುವ ಡೆಕ್ ತಗ್ಗಿಸಿ ಬೆಲ್ಟ್ ಕಳಚಿ, ಕೆಳಗಿನಿಂದ ನಡುವಿನ ಬೋಲ್ಟನ್ನು ಎಡಕ್ಕೆ ತಿರುಗಿಸಿ ಬಿಚ್ಚಿ. ಇಂಪ್ಯಾಕ್ಟ್ ರೆಂಚ್ ಇದ್ದರೆ ಎರಡು ಸೆಕೆಂಡ್, ಇಲ್ಲದಿದ್ದರೆ ಅರ್ಧ ದಿನ. ತುಕ್ಕಿಗೆ ಅಂಟಿದ್ದರೆ ತುಕ್ಕು ಬಿಡಿಸುವ ಎಣ್ಣೆ ಹಾಕಿ ರಾತ್ರಿಯಿಡೀ ಬಿಡಿ, ಸುತ್ತಿಗೆಯಲ್ಲಿ ಹೊಡೆದರೆ ಕ್ರ್ಯಾಂಕ್ ಶಾಫ್ಟೇ ಬಾಗೀತು. ಹೊಸದನ್ನು ಹಾಕುವಾಗ ಶಾಫ್ಟಿಗೆ ಆಂಟಿ ಸೀಜ್ (ಮುಂದೆ ಅಂಟಿಕೊಳ್ಳದಂತೆ ಹಚ್ಚುವ ಗ್ರೀಸಿನಂಥದ್ದು) ತೆಳ್ಳಗೆ ಸವರಿ, ಉಜ್ಜುವ ಮುಖಕ್ಕೆ ಒಂದು ಹನಿಯೂ ತಾಗಬಾರದು. ಶಾಫ್ಟಿನ ಕೀ (ಶಾಫ್ಟಿನ ಸೀಳಿನಲ್ಲಿ ಕೂರುವ ಲೋಹದ ತುಂಡು) ಮರೆಯಬೇಡಿ, ಬೋಲ್ಟನ್ನು ಮ್ಯಾನುಯಲ್ ಹೇಳಿದ ಟಾರ್ಕಿಗೆ (ಬಿಗಿಯ ಅಳತೆಗೆ) ಬಿಗಿ ಮಾಡಿ. ಕ್ಲಚ್ ಸುತ್ತದಂತೆ ಹಿಡಿಯುವ ಪಟ್ಟಿ ಸ್ವಲ್ಪ ಸಡಿಲ ಇರಬೇಕು, ಅದನ್ನು ಗಟ್ಟಿಯಾಗಿ ಬಿಗಿದರೆ ಬೇರಿಂಗ್ ಬೇಗ ಸಾಯುತ್ತದೆ.

ಕೊನೆಗೆ ಎಲ್ಲರೂ ಬಿಟ್ಟುಬಿಡುವ ಕೆಲಸ. ಹುಲ್ಲಿಲ್ಲದ ಕಡೆ ನಿಲ್ಲಿಸಿ, ಎಂಜಿನ್ ಅರ್ಧ ವೇಗದಲ್ಲಿಟ್ಟು, ಹತ್ತು ಸೆಕೆಂಡ್ ಬ್ಲೇಡ್ ಆನ್, ಹತ್ತು ಸೆಕೆಂಡ್ ಆಫ್, ಹೀಗೆ ಮ್ಯಾನುಯಲ್ ಹೇಳಿದಷ್ಟು ಸಲ. ಬೇಜಾರೇ. ಆದರೆ ಹೊಸ ಮುಖಗಳು ಒಂದಕ್ಕೊಂದು ಉಜ್ಜಿ ಹೊಂದಿಕೊಂಡರೇನೇ ಪೂರ್ತಿ ಹಿಡಿತ ಬರುವುದು.