ತೋಟದ ರಾಸ್‌ಬೆರಿ ಪೈ ಕಾರ್ಡನ್ನು ದೊಡ್ಡದಕ್ಕೆ ಬದಲಿಸಿದ ಬಗೆ

ಚನ್ನಗಿರಿ ತಾಲ್ಲೂಕಿನ ಸಂತೇಬೆನ್ನೂರಿನ ಸಮೀಪ ನಮ್ಮ ದೊಡ್ಡಪ್ಪನವರ ಅಡಿಕೆ ತೋಟವಿದೆ. ಅಲ್ಲಿನ ಮೋಟರ್ ಮನೆಯಲ್ಲಿ ನಾನು ಒಂದು ರಾಸ್‌ಬೆರಿ ಪೈ ಎಂಬ ಚಿಕ್ಕ ಕಂಪ್ಯೂಟರ್ ಇಟ್ಟಿದ್ದೇನೆ. ಕಳೆದ ಮುಂಗಾರಿನಲ್ಲಿ ಅದಕ್ಕೊಂದು ಕ್ಯಾಮೆರಾ ಜೋಡಿಸಿ, ಹತ್ತು ನಿಮಿಷಕ್ಕೊಮ್ಮೆ ಕೃಷಿಹೊಂಡದ ಅಳತೆಗೋಲಿನ ಚಿತ್ರ ತೆಗೆಯುವಂತೆ ಮಾಡಿದೆ. ಒಂದು ಚಿತ್ರ ಸುಮಾರು 250 ಕೆಬಿ, ದಿನಕ್ಕೆ 144 ಚಿತ್ರ; ಅಂದರೆ ದಿನಕ್ಕೆ 36 ಎಂಬಿ, ವರ್ಷಕ್ಕೆ 13 ಜಿಬಿಗೂ ಹೆಚ್ಚು. ಪೈಯಲ್ಲಿ ಇದ್ದದ್ದು 16 ಜಿಬಿಯ ಮೆಮೊರಿ ಕಾರ್ಡು, ಅದರಲ್ಲೂ ಆಪರೇಟಿಂಗ್ ಸಿಸ್ಟಂ ತನ್ನ ಪಾಲು ಹಿಡಿದುಕೊಂಡಿತ್ತು. ವರ್ಷ ತುಂಬುವ ಮೊದಲೇ ಒಂದು ಬೆಳಿಗ್ಗೆ ದೊಡ್ಡಪ್ಪ ಫೋನ್ ಮಾಡಿ, "ಹೊಂಡದ ಫೋಟೊ ಬರೋದು ನಿಂತೈತಲ್ಲಪ್ಪಾ" ಎಂದರು.

ದಾವಣಗೆರೆಯ ಅಂಗಡಿಯೊಂದರಲ್ಲಿ 64 ಜಿಬಿ ಕಾರ್ಡು ಕೊಂಡೆ. ಎಲ್ಲವನ್ನೂ ಹೊಸದಾಗಿ ಇನ್‌ಸ್ಟಾಲ್ ಮಾಡಬಹುದಿತ್ತು. ಆದರೆ ಮೊಬೈಲ್ ಡಾಂಗಲ್ಲಿನ ಸೆಟ್ಟಿಂಗು, ಮೋಟರ್ ಓಡಿದ ಅವಧಿಯನ್ನು ದಾಖಲಿಸುವ ಪ್ರೋಗ್ರಾಂ, ವೇಳಾಪಟ್ಟಿ ಇವೆಲ್ಲ ಸ್ವಲ್ಪ ಸ್ವಲ್ಪವಾಗಿ ಕೂಡಿಬಂದವು, ಯಾವುದನ್ನೂ ನಾನು ಬರೆದಿಟ್ಟುಕೊಂಡಿರಲಿಲ್ಲ. ಆದ್ದರಿಂದ ಇದ್ದದ್ದನ್ನು ಇದ್ದಂತೆಯೇ ದಾಟಿಸಲು ನಿರ್ಧರಿಸಿದೆ.

ಮೊದಲ ಸಲ ನಾನು ಮಾಡಿದ್ದು ತಪ್ಪು. ಹೊಸ ಕಾರ್ಡನ್ನು ಫಾರ್ಮ್ಯಾಟ್ ಮಾಡಿ, ಹಳೆಯದರ ಫೈಲುಗಳನ್ನೆಲ್ಲ ಅದಕ್ಕೆ ಕಾಪಿ ಮಾಡಿ ಪೈಗೆ ಹಾಕಿದೆ. ಕೆಂಪು ದೀಪ ಹೊತ್ತಿತು, ಹಸಿರು ದೀಪ ಮಿನುಗಲೇ ಇಲ್ಲ. ಬೂಟ್ ಆಗುವ, ಅಂದರೆ ಯಂತ್ರವನ್ನು ಚಾಲೂ ಮಾಡುವ ಕಾರ್ಡು ಬರಿಯ ಫೈಲುಗಳ ಚೀಲವಲ್ಲ. ಅದರಲ್ಲಿ ಎರಡು ಪಾರ್ಟಿಷನ್‌ಗಳು, ಅಂದರೆ ಬೇರೆ ಬೇರೆ ವಿಭಾಗಗಳು ಇರುತ್ತವೆ: ಮೊದಲನೆಯದು ಪೈ ಎಚ್ಚರವಾಗುವಾಗ ಓದುವ ಚಿಕ್ಕ ಫ್ಯಾಟ್ ಭಾಗ, ಎರಡನೆಯದು ಪೈಯ ಆಪರೇಟಿಂಗ್ ಸಿಸ್ಟಂ ಆದ ಲಿನಕ್ಸ್ ವಾಸಿಸುವ ಇಎಕ್ಸ್‌ಟಿ4 ಭಾಗ (ಫ್ಯಾಟ್, ಇಎಕ್ಸ್‌ಟಿ4 ಎಂದರೆ ಫೈಲುಗಳನ್ನು ಜೋಡಿಸಿಡುವ ಎರಡು ಬಗೆಯ ಫೈಲ್ ಸಿಸ್ಟಂಗಳು). ಎರಡನೆಯದನ್ನು ಎಲ್ಲಿ ಹುಡುಕಬೇಕೆಂಬುದು ಮೊದಲನೆಯದರ ಒಂದು ಫೈಲಿನಲ್ಲಿ ಪಾರ್ಟಿಷನ್ನಿನ ಗುರುತುಸಂಖ್ಯೆಯ ಮೂಲಕ ಬರೆದಿರುತ್ತದೆ. ಹೊಸದಾಗಿ ಫಾರ್ಮ್ಯಾಟ್ ಮಾಡಿದ ಕಾರ್ಡಿನಲ್ಲಿ ಆ ವಿಂಗಡಣೆಯೂ ಇರಲಿಲ್ಲ, ಆ ಸಂಖ್ಯೆಯೂ ಇರಲಿಲ್ಲ. ಹೀಗಾಗಿ ಕಾರ್ಡನ್ನು ಮೊದಲ ಬೈಟಿನಿಂದ ಕೊನೆಯ ಬೈಟಿನವರೆಗೆ ಎತ್ತಿ ಇಡುವುದೇ ಸರಿಯಾದ ದಾರಿ.

ಎರಡನೆಯ ಸಲ ಆತುರಪಡಲಿಲ್ಲ. ಹೊಸ ಕಾರ್ಡನ್ನು ಮತ್ತೆ ಖಾಲಿ ಮಾಡಿ, ಎಫ್3 ಎಂಬ ಪ್ರೋಗ್ರಾಮಿನಿಂದ ಪರೀಕ್ಷಿಸಿದೆ. ಅದು ಕಾರ್ಡಿನ ತುಂಬ ಬರೆದು ಮತ್ತೆ ಓದಿ, ಮೇಲೆ ಅಚ್ಚಾದ ಗಾತ್ರ ಒಳಗೆ ನಿಜವಾಗಿ ಇದೆಯೇ ಎಂದು ತೋರಿಸುತ್ತದೆ. ಇದಕ್ಕೆ ಒಂದು ಗಂಟೆಗೂ ಮೀರಿ ಬೇಕಾಯಿತು. ಗಾತ್ರ ಸುಳ್ಳು ಹೇಳುವ ಕಾರ್ಡುಗಳು ಮಾರುಕಟ್ಟೆಯಲ್ಲಿ ಇರುವುದರಿಂದ ಆ ಗಂಟೆಯನ್ನು ಉಳಿಸಲು ಹೋಗಬಾರದು ಎಂಬುದು ನನ್ನ ಅಭಿಪ್ರಾಯ.

ಪೈಯನ್ನು ಸರಿಯಾಗಿ ಶಟ್‌ಡೌನ್ ಮಾಡಿಯೇ ಹಳೆಯ ಕಾರ್ಡು ತೆಗೆದೆ. ಓಡುತ್ತಿರುವ ವ್ಯವಸ್ಥೆಯನ್ನು ಕಾಪಿ ಮಾಡಿದರೆ ಅರ್ಧ ಬರೆದ ಫೈಲುಗಳೂ ಹಾಗೆಯೇ ಬಂದುಬಿಡುತ್ತವೆ. ಹಳೆಯ ಕಾರ್ಡನ್ನು ಲ್ಯಾಪ್‌ಟಾಪಿನ ಸ್ಲಾಟಿಗೆ ಹೊಂದಿಸುವ ಅಡಾಪ್ಟರಿಗೆ ಹಾಕಿ, ಅಡಾಪ್ಟರಿನ ಎಡ ಅಂಚಿನಲ್ಲಿರುವ ಚಿಕ್ಕ ಬಿಳಿ ಗುಂಡಿಯನ್ನು ಉಗುರಿನಿಂದ ಕೆಳಗೆ ಸರಿಸಿದೆ. ಅದು ಲಾಕ್: ಹೀಗಿದ್ದಾಗ ಸಾಮಾನ್ಯವಾಗಿ ಲ್ಯಾಪ್‌ಟಾಪ್ ಕಾರ್ಡನ್ನು ಓದುತ್ತದೆ, ಬರೆಯುವುದಿಲ್ಲ. ಜೊತೆಗೆ ಕಾರ್ಡಿಗೆ ಒಂದು ತುಂಡು ಬಿಳಿ ಟೇಪು ಅಂಟಿಸಿ "ಹಳೆಯದು" ಎಂದು ಬರೆದೆ. ಕಾರ್ಡನ್ನು ಬೈಟು ಬೈಟಾಗಿ ಕಾಪಿ ಮಾಡಲು ನಾನು ಬಳಸಿದ್ದು ಲಿನಕ್ಸಿನ ಡಿಡಿ ಆಜ್ಞೆ. ಅದು ಎಲ್ಲಿಂದ, ಎಲ್ಲಿಗೆ ಎಂದು ನಾವು ಹೇಳಿದ್ದನ್ನು ಮರುಪ್ರಶ್ನೆಯಿಲ್ಲದೆ ಪಾಲಿಸುತ್ತದೆ. ಎರಡು ಹೆಸರು ಅದಲುಬದಲಾದರೆ ವರ್ಷದ ಚಿತ್ರಗಳ ಮೇಲೆ ಖಾಲಿ ಕಾರ್ಡು ಬಂದು ಕೂರುತ್ತದೆ. ಅದಕ್ಕಾಗಿ ಕಾರ್ಡು ಹಾಕುವ ಮೊದಲು ಒಮ್ಮೆ, ಹಾಕಿದ ಮೇಲೆ ಒಮ್ಮೆ ಡಿಸ್ಕುಗಳ ಪಟ್ಟಿ ತೆಗೆದು, ಹೊಸದಾಗಿ ಕಾಣಿಸಿಕೊಂಡದ್ದು ಯಾವುದೆಂದು ನೋಡಿಕೊಂಡೆ. 16 ಜಿಬಿ ಕಾರ್ಡು ಅಲ್ಲಿ 14.9 ಎಂದು ತೋರುತ್ತದೆ. ತಯಾರಕರು ಸಾವಿರದ ಲೆಕ್ಕದಲ್ಲಿ, ಲಿನಕ್ಸ್ 1024ರ ಲೆಕ್ಕದಲ್ಲಿ ಎಣಿಸುವುದೇ ಇದಕ್ಕೆ ಕಾರಣ, ಗಾಬರಿಯಾಗಬೇಕಿಲ್ಲ.

ನನ್ನ ಲ್ಯಾಪ್‌ಟಾಪಿನಲ್ಲಿ ಕಾರ್ಡಿಗೆ ಇರುವುದು ಒಂದೇ ಸ್ಲಾಟು. ಆದ್ದರಿಂದ ಹಳೆಯ ಕಾರ್ಡನ್ನು ಮೊದಲು ಒಂದು ಇಮೇಜ್ ಫೈಲಾಗಿ, ಅಂದರೆ ಇಡೀ ಕಾರ್ಡಿನ ಪಡಿಯಚ್ಚಾಗಿ ಲ್ಯಾಪ್‌ಟಾಪಿಗೆ ಇಳಿಸಿಕೊಂಡು, ಆಮೇಲೆ ಆ ಫೈಲನ್ನು ಹೊಸ ಕಾರ್ಡಿಗೆ ಬರೆದೆ. ಹೊಸ ಕಾರ್ಡು ತಾನಾಗಿಯೇ ಮೌಂಟ್ ಆಗಿತ್ತು, ಅಂದರೆ ಲ್ಯಾಪ್‌ಟಾಪ್ ಅದನ್ನು ಬಳಕೆಗೆ ತೆರೆದಿತ್ತು; ಬರೆಯುವ ಮೊದಲು ಅದನ್ನು ಬಿಡಿಸಿದೆ. ಬರೆದು ಮುಗಿದ ಮೇಲೆ ಕಾರ್ಡನ್ನು ಹೊರತೆಗೆದು ಮತ್ತೆ ಹಾಕಿ, ಫೈಲಿನ ಉದ್ದದಷ್ಟು ಮಾತ್ರ ಎರಡನ್ನೂ ಸಿಎಂಪಿ ಆಜ್ಞೆಯಿಂದ ಹೋಲಿಸಿದೆ. ತೆಗೆದು ಹಾಕದಿದ್ದರೆ ಕಂಪ್ಯೂಟರು ಕಾರ್ಡನ್ನು ಓದುವ ಬದಲು ತನ್ನ ನೆನಪಿನಲ್ಲಿರುವುದನ್ನೇ ತೋರಿಸುವ ಸಾಧ್ಯತೆಯಿದೆ. ಆಜ್ಞೆ ಏನನ್ನೂ ಹೇಳದೆ ಮುಗಿಯಿತು; ವ್ಯತ್ಯಾಸವಿಲ್ಲ ಎಂದು ಅದರ ಅರ್ಥ.

ಇಷ್ಟಾದರೂ ಹೊಸ ಕಾರ್ಡು ತನ್ನನ್ನು 16 ಜಿಬಿಯದೆಂದೇ ತಿಳಿದಿರುತ್ತದೆ, ಏಕೆಂದರೆ ಪಾರ್ಟಿಷನ್ ಪಟ್ಟಿಯೂ ಹಳೆಯದೇ. ಪಾರ್ಟೆಡ್ ಎಂಬ ಪ್ರೋಗ್ರಾಮಿನಿಂದ ಎರಡನೆಯ ಪಾರ್ಟಿಷನ್ನಿನ ಗಡಿಯನ್ನು ಕಾರ್ಡಿನ ಕೊನೆಯವರೆಗೆ ಎಳೆದೆ, ಫೈಲ್ ಸಿಸ್ಟಮನ್ನು ಒಮ್ಮೆ ತಪಾಸಣೆ ಮಾಡಿಸಿದೆ, ಬಳಿಕ ರೀಸೈಜ್2ಎಫ್‌ಎಸ್ ಆಜ್ಞೆಯಿಂದ ಅದನ್ನು ಹೊಸ ಗಡಿಯವರೆಗೆ ಹಿಗ್ಗಿಸಿದೆ. ಗಡಿ ಸರಿಸುವುದು ಬೇಲಿ ಹಾಕಿದಂತೆ, ಹಿಗ್ಗಿಸುವುದು ಒಳಗಿನ ನೆಲವನ್ನು ಉತ್ತಂತೆ. ಮೊದಲನೆಯದನ್ನು ಮಾತ್ರ ಮಾಡಿ ನಿಲ್ಲಿಸಿದವರಿಗೆ ಜಾಗ ಹೆಚ್ಚಿದಂತೆ ಕಾಣುವುದೇ ಇಲ್ಲ. ಹಿಗ್ಗಿಸಬೇಕಾದ ಪಾರ್ಟಿಷನ್ ಕೊನೆಯದಾಗಿದ್ದುದರಿಂದ ನನ್ನ ಕೆಲಸ ಸುಲಭವಾಯಿತು, ಅದರ ಹಿಂದೆ ಬೇರೊಂದು ಇದ್ದಿದ್ದರೆ ಮೊದಲು ಅದನ್ನು ಸರಿಸಬೇಕಾಗುತ್ತಿತ್ತು.

ಮರುದಿನ ಸಂತೇಬೆನ್ನೂರಿಗೆ ಹೋಗಿ ಕಾರ್ಡು ಹಾಕಿದಾಗ ಹಸಿರು ದೀಪ ಮಿನುಗಿತು, ಹತ್ತು ನಿಮಿಷದೊಳಗೆ ಹೊಂಡದ ಚಿತ್ರ ದೊಡ್ಡಪ್ಪನವರ ಫೋನಿಗೆ ಬಂತು. ಟೇಪು ಅಂಟಿಸಿದ ಹಳೆಯ ಕಾರ್ಡನ್ನು ದಿನಾಂಕ ಬರೆದ ಕವರಿನಲ್ಲಿಟ್ಟು ಮೋಟರ್ ಮನೆಯಲ್ಲಿ ಬಿಡದೆ ಊರ ಮನೆಯ ಬೀರುವಿನಲ್ಲಿ ಇಟ್ಟೆ. ಎರಡರ ಗುರುತುಸಂಖ್ಯೆಯೂ ಒಂದೇ ಆಗಿರುವುದರಿಂದ ಇವನ್ನು ಒಂದೇ ಯಂತ್ರಕ್ಕೆ ಒಟ್ಟಿಗೆ ಹಾಕಬಾರದೆಂದು ಕವರಿನ ಮೇಲೆಯೇ ಬರೆದಿದ್ದೇನೆ.